ಒಣ ಚರ್ಮದ ಆರೈಕೆ: ಸ್ಯಾಕರೈಡ್ ಐಸೊಮರೇಟ್ ಬೇಕೆ, ಗ್ಲಿಸರಿನ್ ಸಾಕೆ?

ಸೀರಮ್, ಕ್ರೀಮ್, ಲೋಷನ್‌ಗಳ ಡಬ್ಬಿಯ ಹಿಂಬದಿಯನ್ನು ಓದುವ ಅಭ್ಯಾಸವಿರುವವರಿಗೆ ‘ಸ್ಯಾಕರೈಡ್ ಐಸೊಮರೇಟ್’ ಎಂಬ ಹೆಸರು ಈಗ ಅಪರಿಚಿತವಲ್ಲ. ಸಕ್ಕರೆಯಿಂದ ತಯಾರಾಗುವ, ಚರ್ಮದ ಮೇಲ್ಪದರದಲ್ಲಿ ತೇವವನ್ನು ಹಿಡಿದಿಡುವ ಈ ವಸ್ತು ‘ಪೆಂಟಾವಿಟಿನ್’ ಎಂಬ ವ್ಯಾಪಾರನಾಮದಿಂದ ಹೆಚ್ಚು ಪರಿಚಿತ. ಡಬ್ಬಿಯ ಮುಂಬದಿಯಲ್ಲಿ ‘72 ಗಂಟೆ ತೇವ’ ಎಂಬ ಮಾತು ಕಂಡರೆ ಅದರ ಹಿಂದೆ ಹಲವು ಬಾರಿ ಇದೇ ಇರುತ್ತದೆ. ಅದೇ ಕಪಾಟಿನಲ್ಲಿ ಹಯಲುರೋನಿಕ್ ಆಮ್ಲದ ಸೀರಮ್ ಇದೆ, ಯೂರಿಯಾ ಕ್ರೀಮ್ ಇದೆ. ಔಷಧದಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಗ್ಲಿಸರಿನ್ ಬಾಟಲಿಯೂ ಇದೆ. ಎಲ್ಲವೂ ಮಾಡುತ್ತೇವೆಂದು ಹೇಳಿಕೊಳ್ಳುವ ಕೆಲಸ ಒಂದೇ ಆಗಿರುವಾಗ, ಬೆಲೆಯಲ್ಲಿ ಮಾತ್ರ ಹತ್ತಾರು ಪಟ್ಟು ವ್ಯತ್ಯಾಸವಿರುವಾಗ, ಯಾವುದಕ್ಕೆ ಹಣ ಕೊಡಬೇಕೆಂಬ ಪ್ರಶ್ನೆ ನ್ಯಾಯವಾದದ್ದೇ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸ್ಯಾಕರೈಡ್ ಐಸೊಮರೇಟಿನ ವಿಶೇಷ ಗುಣ ಇರುವುದು ಹೆಚ್ಚು ನೀರನ್ನು ಸೆಳೆಯುವುದರಲ್ಲಿ ಅಲ್ಲ, ತೊಳೆದರೂ ಹೋಗದೆ ಚರ್ಮದಲ್ಲೇ ಉಳಿಯುವುದರಲ್ಲಿ. ಆ ಗುಣ ಯಾರಿಗೆ ನಿಜವಾಗಿ ಬೇಕೋ ಅವರು ಅದಕ್ಕಾಗಿ ಹೆಚ್ಚಿನ ಬೆಲೆ ತೆರಬಹುದು. ಉಳಿದವರು ಗ್ಲಿಸರಿನ್ ಚೆನ್ನಾಗಿರುವ ಒಂದು ಸಾಧಾರಣ ಕ್ರೀಮನ್ನು ಕೊಂಡು, ಅದನ್ನು ಸರಿಯಾದ ಹೊತ್ತಿಗೆ ಹಚ್ಚಿಕೊಂಡರೆ ಬಹುಪಾಲು ಪ್ರಯೋಜನವನ್ನು ಪಡೆಯುತ್ತಾರೆ. ಈ ತೀರ್ಮಾನಕ್ಕೆ ಕಾರಣಗಳು ಚರ್ಮದ ರಚನೆಯಲ್ಲಿಯೇ ಇವೆ.

ತೇವ ಎಲ್ಲಿರುತ್ತದೆ, ಹೇಗೆ ಹೋಗುತ್ತದೆ

ನಾವು ಮುಟ್ಟಿ ನೋಡುವ ಚರ್ಮದ ಹೊರಪದರ ಸತ್ತ ಜೀವಕೋಶಗಳದ್ದು. ಮುಖ, ಕೈಗಳಂಥ ಭಾಗಗಳಲ್ಲಿ ಅದರ ದಪ್ಪ ಒಂದು ಮಿಲಿಮೀಟರಿನ ನೂರನೇ ಒಂದೆರಡು ಭಾಗದಷ್ಟು ಮಾತ್ರ. ಕೆರಾಟಿನ್ ಎಂಬ ಪ್ರೊಟೀನು ತುಂಬಿದ ಚಪ್ಪಟೆ ಕೋಶಗಳು ಒಂದರ ಮೇಲೊಂದು ಹಾಸಿಕೊಂಡಿರುತ್ತವೆ. ಅವುಗಳ ನಡುವಿನ ಸಂದುಗಳನ್ನು ಸೆರಮೈಡ್, ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳ ಜಿಡ್ಡು ಮುಚ್ಚಿರುತ್ತದೆ. ಈ ಪದರದಲ್ಲಿ ನೀರಿನ ಪ್ರಮಾಣ ಸುಮಾರು ಶೇಕಡಾ 10ಕ್ಕಿಂತ ಕೆಳಗಿಳಿದರೆ ಚರ್ಮ ಬಿಗಿಯುತ್ತದೆ, ಬೂದಿ ಬಳಿದಂತೆ ಬೆಳ್ಳಗಾಗುತ್ತದೆ, ಉಗುರಿನಿಂದ ಗೀಚಿದರೆ ಗೆರೆ ಮೂಡುತ್ತದೆ.

ನೀರನ್ನು ಹಿಡಿದಿಡಲು ದೇಹ ತಾನೇ ಒಂದು ಏರ್ಪಾಡು ಮಾಡಿಕೊಂಡಿದೆ. ಕೋಶಗಳೊಳಗೆ ನೀರಿಗೆ ಒಲಿಯುವ ಹಲವು ಸಣ್ಣ ಅಣುಗಳ ಸಹಜ ಮಿಶ್ರಣವಿರುತ್ತದೆ. ಅದರಲ್ಲಿ ಸುಮಾರು ಶೇಕಡಾ 40ರಷ್ಟು ಅಮೈನೊ ಆಮ್ಲಗಳು, ಶೇಕಡಾ 12ರಷ್ಟು ಪಿಸಿಎ ಎಂಬ ಸಂಯುಕ್ತ, ಅಷ್ಟೇ ಪ್ರಮಾಣದ ಲ್ಯಾಕ್ಟೇಟ್, ಶೇಕಡಾ 7ರಷ್ಟು ಯೂರಿಯಾ ಮತ್ತು ಶೇಕಡಾ 8.5ರಷ್ಟು ಸಕ್ಕರೆಗಳಿವೆ ಎಂಬುದು ಪಠ್ಯಪುಸ್ತಕಗಳು ಕೊಡುವ ಲೆಕ್ಕ. ಈ ಅಣುಗಳೆಲ್ಲ ನೀರಿನಲ್ಲಿ ಕರಗುವಂಥವು. ಹಾಗಾಗಿ ಸೋಪು ಜಿಡ್ಡನ್ನು ಕಿತ್ತುಹಾಕಿದ ಮೇಲೆ ಪ್ರತಿ ತೊಳೆತದಲ್ಲೂ ಇವು ಸ್ವಲ್ಪ ಸ್ವಲ್ಪವಾಗಿ ಹೊರಗೆ ಹೋಗುತ್ತವೆ. ಆರೋಗ್ಯಕರ ಚರ್ಮದ ಮೇಲ್ಮೈ ತುಸು ಹುಳಿ ಗುಣದ್ದು, ಪಿಎಚ್ 5ರ ಆಸುಪಾಸಿನದು. ಸಾಮಾನ್ಯ ಸೋಪಿನ ಪಿಎಚ್ 9ರಿಂದ 10. ಅದರ ಜೊತೆಗೆ ಬೋರ್‌ವೆಲ್‌ನ ಗಡಸು ನೀರು ಸೇರಿದರೆ ಸೋಪಿನ ಅಂಶ ಕ್ಯಾಲ್ಸಿಯಮ್ಮಿನೊಡನೆ ಕೂಡಿ ಚರ್ಮದ ಮೇಲೆಯೇ ಕೆನೆಗಟ್ಟುತ್ತದೆ. ಬಯಲುಸೀಮೆಯ ಎಷ್ಟೋ ಮನೆಗಳಲ್ಲಿ ಸ್ನಾನ ಮುಗಿಸಿ ಬಂದ ಕೂಡಲೇ ಮೊಣಕಾಲ ಕೆಳಗೆ ತುರಿಕೆ ಶುರುವಾಗುವುದಕ್ಕೆ ಇದೂ ಒಂದು ಕಾರಣ.

ಆದ್ದರಿಂದ ಯಾವುದೇ ತೇವದ ವಸ್ತುವಿನ ಬಗ್ಗೆ ಕೇಳಬೇಕಾದ ಪ್ರಶ್ನೆಗಳು ಎರಡು: ಅದು ನೀರನ್ನು ಎಷ್ಟು ಚೆನ್ನಾಗಿ ಹಿಡಿಯುತ್ತದೆ, ಮತ್ತು ಮುಂದಿನ ತೊಳೆತದ ಹೊತ್ತಿಗೆ ಅದು ಅಲ್ಲಿಯೇ ಇರುತ್ತದೆಯೆ? ಜಾಹೀರಾತುಗಳು ಮೊದಲನೆಯದನ್ನು ಎತ್ತಿ ಹಿಡಿಯುತ್ತವೆ. ದಿನಬಳಕೆಯಲ್ಲಿ ಎರಡನೆಯದರ ತೂಕ ಅದಕ್ಕಿಂತ ಕಡಿಮೆಯಿಲ್ಲ.

ಸ್ಯಾಕರೈಡ್ ಐಸೊಮರೇಟ್ ಎಂದರೇನು

ಮುಸುಕಿನ ಜೋಳ ಅಥವಾ ಗೋಧಿಯಂಥ ಧಾನ್ಯದ ಪಿಷ್ಟದಿಂದ ದೊರೆಯುವ ಗ್ಲುಕೋಸ್ ಇದರ ಮೂಲದ್ರವ್ಯ. ಆ ಗ್ಲುಕೋಸನ್ನು ಐಸೊಮರೀಕರಣಕ್ಕೆ ಒಳಪಡಿಸುತ್ತಾರೆ. ಅಂದರೆ ಅಣುವಿನಲ್ಲಿರುವ ಪರಮಾಣುಗಳ ಲೆಕ್ಕ ಅಷ್ಟೇ ಉಳಿದು, ಅವುಗಳ ಜೋಡಣೆ ಮಾತ್ರ ಬದಲಾಗುತ್ತದೆ. ಕೊನೆಗೆ ಸಿಗುವುದು ಒಂದೇ ಸಕ್ಕರೆಯಲ್ಲ, ಹಲವು ಸಕ್ಕರೆಗಳ ಮಿಶ್ರಣ. ಮನುಷ್ಯನ ಚರ್ಮದ ಹೊರಪದರದಲ್ಲಿ ಸಹಜವಾಗಿರುವ ಸಕ್ಕರೆಗಳ ಮಿಶ್ರಣವನ್ನು ಹೋಲುವಂತೆ ಇದನ್ನು ರೂಪಿಸಲಾಗಿದೆ. ಇದನ್ನು ಮಾರುಕಟ್ಟೆಗೆ ತಂದದ್ದು ಸ್ವಿಟ್ಜರ್ಲೆಂಡಿನ ಪೆಂಟಾಫಾರ್ಮ್ ಸಂಸ್ಥೆ. 2007ರಲ್ಲಿ ಅದು ಡಿಎಸ್‌ಎಂ ಕಂಪನಿಯ ಪಾಲಾಯಿತು, ಆ ಕಂಪನಿ 2023ರಲ್ಲಿ ಫರ್ಮೆನಿಶ್ ಜೊತೆ ವಿಲೀನಗೊಂಡಿತು.

ಇದರ ಕೆಲಸದ ವಿಧಾನವೇ ಇದನ್ನು ಬೇರೆಯವುಗಳಿಂದ ಪ್ರತ್ಯೇಕಿಸುತ್ತದೆ. ಕೆರಾಟಿನ್ ಪ್ರೊಟೀನಿನಲ್ಲಿ ಲೈಸೀನ್ ಎಂಬ ಅಮೈನೊ ಆಮ್ಲವಿದೆ, ಅದರ ತುದಿಯಲ್ಲಿ ಚಾಚಿಕೊಂಡಿರುವ ಒಂದು ಅಮೈನೊ ಗುಂಪಿದೆ. ತಯಾರಕರ ವಿವರಣೆಯಂತೆ, ಈ ಸಕ್ಕರೆ ಅಣುಗಳು ಆ ಗುಂಪಿಗೆ ಬಂಧಗೊಳ್ಳುತ್ತವೆ. ತೋಟದಲ್ಲಿ ಓಡಾಡಿ ಬಂದವರ ಸೀರೆಯಂಚಿಗೆ ಉತ್ತರಾಣಿಯ ಬೀಜ ಕಚ್ಚಿಕೊಂಡಂತೆ ಅವು ಕೆರಾಟಿನ್ನನ್ನು ಕಚ್ಚಿಕೊಂಡಿರುತ್ತವೆ. ಬರಿಯ ನೀರು ಅವನ್ನು ಬಿಡಿಸಲಾರದು. ಆ ಕೋಶಗಳು ತಮ್ಮ ಕಾಲ ಮುಗಿದು ಹೊಟ್ಟಾಗಿ ಉದುರಿದಾಗ ಅವುಗಳೊಡನೆ ಸಕ್ಕರೆಯೂ ಹೋಗುತ್ತದೆ. ಹೊರಪದರ ಪೂರ್ತಿ ಬದಲಾಗಲು ಸುಮಾರು ಎರಡು ವಾರ ಬೇಕಾಗುವುದರಿಂದ, ಒಮ್ಮೆ ಹಚ್ಚಿದ್ದರ ಪರಿಣಾಮ ಕೆಲವು ದಿನ ಕ್ರಮೇಣ ಕಡಿಮೆಯಾಗುತ್ತಾ ಉಳಿಯುತ್ತದೆ ಎಂಬ ಮಾತು ತರ್ಕಕ್ಕೆ ಒಪ್ಪುವಂಥದ್ದು.

ಆದರೆ ‘72 ಗಂಟೆ’ಯ ಅರ್ಥವನ್ನು ಸರಿಯಾಗಿ ಗ್ರಹಿಸಬೇಕು. ಇಂಥ ಪರೀಕ್ಷೆಗಳಲ್ಲಿ ಚರ್ಮದ ಮೇಲೆ ಒಂದು ಸಣ್ಣ ಸಂವೇದಕವನ್ನಿಟ್ಟು ಅದರ ವಿದ್ಯುತ್ ಗುಣದ ಮೂಲಕ ತೇವವನ್ನು ಅಂದಾಜು ಮಾಡುತ್ತಾರೆ. ಹಚ್ಚಿದ ಜಾಗಕ್ಕೂ ಹಚ್ಚದ ಜಾಗಕ್ಕೂ ಇರುವ ಅಂತರ ಎಷ್ಟು ಹೊತ್ತು ಉಳಿಯುತ್ತದೆಂದು ನೋಡುತ್ತಾರೆ. ಮೂರನೆಯ ದಿನವೂ ಅಳೆಯಬಹುದಾದ ಒಂದು ಅಂತರ ಉಳಿದಿದೆ ಎಂಬುದು ಅದರ ತಾತ್ಪರ್ಯವೇ ಹೊರತು, ಒಮ್ಮೆ ಹಚ್ಚಿದರೆ ಮೂರು ದಿನ ಚರ್ಮ ಮೊದಲ ಗಂಟೆಯಷ್ಟೇ ಮೃದುವಾಗಿರುತ್ತದೆ ಎಂದಲ್ಲ. ಇದಲ್ಲದೆ, ಈ ವಸ್ತುವಿನ ಬಗೆಗಿನ ಮಾಹಿತಿಯ ದೊಡ್ಡ ಪಾಲು ಬಂದಿರುವುದು ಅದನ್ನು ತಯಾರಿಸುವವರಿಂದಲೇ. ಮಾಹಿತಿ ಸುಳ್ಳೆಂದು ನಾನು ಹೇಳುತ್ತಿಲ್ಲ. ಗ್ಲಿಸರಿನ್‌ಗೆ ಇರುವಷ್ಟು ಸ್ವತಂತ್ರ ಸಂಶೋಧನೆಯ ಬೆಂಬಲ ಇದಕ್ಕೆ ಇಲ್ಲ ಎಂಬುದನ್ನು ಕೊಳ್ಳುವವರು ತಿಳಿದಿರಬೇಕು, ಅಷ್ಟೆ.

ಸಕ್ಕರೆ ಎಂದ ಕೂಡಲೇ ಮೂರು ಅನುಮಾನಗಳು ಬರುತ್ತವೆ, ಮೂರಕ್ಕೂ ಉತ್ತರವಿದೆ. ಮೈಮೇಲೆ ಹಚ್ಚಿದ್ದರಿಂದ ರಕ್ತದ ಸಕ್ಕರೆ ಏರುವುದೇ ಎಂದು ಮಧುಮೇಹಿಗಳು ಕೇಳುತ್ತಾರೆ. ಏರುವುದಿಲ್ಲ, ಏಕೆಂದರೆ ಕ್ರೀಮಿನಲ್ಲಿರುವ ಪ್ರಮಾಣ ಅತ್ಯಲ್ಪ, ಮತ್ತು ಅದು ನಿಲ್ಲುವುದು ಸತ್ತ ಹೊರಪದರದಲ್ಲಿ. ಮೊಡವೆ ಅಥವಾ ಶಿಲೀಂಧ್ರದ ಗುಳ್ಳೆಗಳಿಗೆ ಇದು ಆಹಾರವಾಗುವುದೇ ಎಂಬುದು ಎರಡನೆಯದು. ಅಂಥ ಗುಳ್ಳೆಗಳಿಗೆ ಕಾರಣವಾದ ಮಲಸೀಜಿಯಾ ಎಂಬ ಯೀಸ್ಟ್ ತನಗೆ ಬೇಕಾದ ಕೊಬ್ಬಿನಾಮ್ಲಗಳನ್ನು ತಾನೇ ತಯಾರಿಸಿಕೊಳ್ಳಲಾರದು, ಅದು ನೆಚ್ಚಿರುವುದು ಜಿಡ್ಡನ್ನು. ಹಾಗಾಗಿ ಅಂಥವರು ಅನುಮಾನಿಸಬೇಕಾದದ್ದು ಕ್ರೀಮಿನಲ್ಲಿರುವ ಎಣ್ಣೆಗಳನ್ನು. ಸಕ್ಕರೆ ಪ್ರೊಟೀನಿಗೆ ಅಂಟಿ ಚರ್ಮವನ್ನು ಮುಪ್ಪಾಗಿಸುತ್ತದೆ ಎಂದು ಓದಿದವರದು ಮೂರನೆಯ ಅನುಮಾನ. ಆ ಹಾನಿ ಆಗುವುದು ಒಳಪದರದ ಕೊಲಾಜನ್‌ನಲ್ಲಿ, ರಕ್ತದಲ್ಲಿ ಹರಿಯುವ ಸಕ್ಕರೆಯಿಂದ, ವರ್ಷಗಟ್ಟಲೆಯ ಅವಧಿಯಲ್ಲಿ. ಎರಡು ವಾರದಲ್ಲಿ ಉದುರಿಹೋಗುವ ಕೆರಾಟಿನ್‌ಗೆ ಸಕ್ಕರೆ ಅಂಟುವುದನ್ನು ಅದರೊಂದಿಗೆ ಸಮೀಕರಿಸುವುದು ಸರಿಯಲ್ಲ.

ಗ್ಲಿಸರಿನ್: ಹಳೆಯದು, ಅಗ್ಗ, ಆದರೆ ಕಡಿಮೆಯದಲ್ಲ

ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಕಾರ್ಲ್ ವಿಲ್ಹೆಲ್ಮ್ ಶೀಲೆ 1779ರಲ್ಲಿ ಆಲಿವ್ ಎಣ್ಣೆಯನ್ನು ಸೀಸದ ಆಕ್ಸೈಡಿನೊಡನೆ ಕಾಯಿಸುವಾಗ ಸಿಹಿಯಾದ ಒಂದು ದ್ರವವನ್ನು ಕಂಡುಕೊಂಡ, ಅದೇ ಗ್ಲಿಸರಿನ್. ಸಿಹಿಯಾಗಿದ್ದರೂ ಇದರ ಮೂಲ ಎಣ್ಣೆ ಮತ್ತು ಕೊಬ್ಬು, ಸಕ್ಕರೆಯಲ್ಲ. ಸೋಪು ಮತ್ತು ಬಯೋಡೀಸೆಲ್ ತಯಾರಿಕೆಯಲ್ಲಿ ಇದು ಉಪೋತ್ಪನ್ನವಾಗಿ ಹೇರಳವಾಗಿ ದೊರೆಯುತ್ತದೆ. ಬೆಲೆ ಕಡಿಮೆಯಾಗಿರಲು ಕಾರಣ ಇದು. ಬೆಲೆ ಕಡಿಮೆ ಎಂಬ ಒಂದೇ ಕಾರಣಕ್ಕೆ ಇದನ್ನು ಕೀಳಾಗಿ ಕಾಣುವುದು ನನಗೆ ನಿಜಕ್ಕೂ ಬೇಸರ ತರುತ್ತದೆ, ಏಕೆಂದರೆ ಚರ್ಮದ ತೇವದ ವಿಷಯದಲ್ಲಿ ಇದರಷ್ಟು ಆಳವಾಗಿ ಅಧ್ಯಯನಗೊಂಡ ಇನ್ನೊಂದು ವಸ್ತು ಸಿಗುವುದು ಕಷ್ಟ.

ಗ್ಲಿಸರಿನ್ ಅಣು ಬಹಳ ಚಿಕ್ಕದು, ಅದರ ಅಣುತೂಕ 92. ಹೀಗಾಗಿ ಅದು ಹೊರಪದರದೊಳಕ್ಕೆ ಸುಲಭವಾಗಿ ಇಳಿಯುತ್ತದೆ. ಚರ್ಮದ ಜೀವಂತ ಕೋಶಗಳಲ್ಲಿ ಅಕ್ವಪೊರಿನ್-3 ಎಂಬ ಒಂದು ಕಾಲುವೆ ಇದೆ. ಅದು ನೀರಿನ ಜೊತೆಗೆ ಗ್ಲಿಸರಿನ್ನನ್ನೂ ಸಾಗಿಸುತ್ತದೆ. ಈ ಕಾಲುವೆಯೇ ಇಲ್ಲದಂತೆ ಬೆಳೆಸಿದ ಇಲಿಗಳ ಚರ್ಮ ಒಣಗಿ, ಹಿಗ್ಗುವ ಗುಣವನ್ನು ಕಳೆದುಕೊಂಡಿತ್ತು. ಗ್ಲಿಸರಿನ್ ಕೊಟ್ಟಾಗ ಅದು ಸರಿಹೋಯಿತು ಎಂಬುದನ್ನು ಹಾರಾ ಮತ್ತು ವರ್ಕ್‌ಮನ್ ಎಂಬ ವಿಜ್ಞಾನಿಗಳು 2003ರಲ್ಲಿ ತೋರಿಸಿದರು. ಅಕ್ವಪೊರಿನ್‌ಗಳನ್ನು ಕಂಡುಹಿಡಿದ ಪೀಟರ್ ಆಗ್ರೆ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂದದ್ದೂ ಅದೇ ವರ್ಷ. ಇಷ್ಟೇ ಅಲ್ಲ: ಗಾಳಿ ಒಣಗಿದ್ದಾಗಲೂ ಕೋಶಗಳ ನಡುವಿನ ಜಿಡ್ಡು ಗಟ್ಟಿಯಾಗಿ ಬಿರುಕುಬಿಡದಂತೆ ಗ್ಲಿಸರಿನ್ ನೋಡಿಕೊಳ್ಳುತ್ತದೆ, ಸತ್ತ ಕೋಶಗಳು ಸರಿಯಾದ ಹೊತ್ತಿಗೆ ಕಳಚಿಕೊಳ್ಳಲು ನೆರವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಕೈ ಸ್ಯಾನಿಟೈಸರಿನ ಸೂತ್ರದಲ್ಲೂ ಶೇಕಡಾ 1.45ರಷ್ಟು ಗ್ಲಿಸರಿನ್ ಇದೆ. ಮದ್ಯಸಾರ ಕೈಯನ್ನು ಒಣಗಿಸದಂತೆ ಕಾಯುವ ಹೊಣೆ ಅದರದು.

ಇದರ ದೋಷಗಳು ಎರಡು. ಹೆಚ್ಚು ಪ್ರಮಾಣದಲ್ಲಿದ್ದರೆ ಅಂಟಂಟಾಗುತ್ತದೆ. ಮಂಗಳೂರು, ಕಾರವಾರದ ಸೆಕೆಯಲ್ಲಿ ಇದು ಸಹಿಸಲಾಗದಷ್ಟು ಆಗಬಹುದು. ಎರಡನೆಯದು, ನೀರು ಬೆರೆಸದ ಗ್ಲಿಸರಿನ್ನನ್ನು ನೇರವಾಗಿ ಬಳಿದುಕೊಂಡರೆ ಅದು ಚರ್ಮದ ಒಳಗಿನ ನೀರನ್ನೇ ತನ್ನತ್ತ ಎಳೆದು ಉರಿ ತರಬಹುದು. ಗುಲಾಬಿ ಜಲಕ್ಕೆ ಗ್ಲಿಸರಿನ್ ಬೆರೆಸುವ ಮನೆಯ ರೂಢಿಯಲ್ಲಿ ತಿಳಿವಳಿಕೆಯಿದೆ, ಆದರೆ ಅರ್ಧಕ್ಕರ್ಧ ಬೆರೆಸುವ ಬದಲು ಹತ್ತು ಭಾಗಕ್ಕೆ ಒಂದು ಭಾಗ ಸಾಕು. ಅಂಗಡಿಯ ಲೋಷನ್‌ಗಳಲ್ಲಿ ಶೇಕಡಾ 3ರಿಂದ 10ರವರೆಗೆ ಇರುವುದು ಸಾಮಾನ್ಯ.

ತೊಳೆದರೆ ಉಳಿಯುತ್ತದೆಯೆ ಎಂಬ ಪ್ರಶ್ನೆಗೆ ಮಾತ್ರ ಗ್ಲಿಸರಿನ್ ಸ್ವಲ್ಪ ಹಿಂದೆ ಬೀಳುತ್ತದೆ. ಹೊರಪದರದೊಳಗೆ ಇಳಿದದ್ದು ಒಂದಷ್ಟು ಕಾಲ ಉಳಿಯುವುದಾದರೂ ಅದು ಯಾವುದಕ್ಕೂ ಬಂಧಗೊಂಡಿರುವುದಿಲ್ಲ. ಪದೇ ಪದೇ ನೀರು ಸೋಂಕಿದರೆ ಕರಗಿ ಹೋಗುತ್ತದೆ. ಸ್ಯಾಕರೈಡ್ ಐಸೊಮರೇಟಿಗೆ ನಿಜವಾದ ಜಾಗ ಸಿಗುವುದು ಇಲ್ಲಿಯೇ.

ಹಯಲುರೋನಿಕ್ ಆಮ್ಲ: ಹೆಸರು ದೊಡ್ಡದು

ಇದೂ ಸಕ್ಕರೆಯ ಕುಲದ್ದೇ. ಗ್ಲುಕುರೋನಿಕ್ ಆಮ್ಲ ಮತ್ತು ಎನ್-ಅಸಿಟೈಲ್ ಗ್ಲುಕೋಸಮೀನ್ ಎಂಬ ಎರಡು ಸಕ್ಕರೆ ಘಟಕಗಳು ಒಂದಾದ ಮೇಲೊಂದು ಸಾವಿರಾರು ಸಲ ಪೋಣಿಸಿಕೊಂಡ ಉದ್ದನೆಯ ಸರಪಳಿ. ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ 1934ರಲ್ಲಿ ಇದನ್ನು ಹಸುವಿನ ಕಣ್ಣಿನೊಳಗಿನ ಲೋಳೆಯಿಂದ ಬೇರ್ಪಡಿಸಿದರು. ಮುಂದೆ ಬಹುಕಾಲ ಹುಂಜದ ಜುಟ್ಟಿನಿಂದ ತೆಗೆಯುತ್ತಿದ್ದರು. ಈಗ ಪ್ರಸಾಧನಗಳಿಗೆ ಬಳಸುವುದು ಹೆಚ್ಚಾಗಿ ಬ್ಯಾಕ್ಟೀರಿಯಾಗಳ ಹುದುಗುವಿಕೆಯಿಂದ ಬಂದದ್ದು. ಮಾಂಸಾಹಾರದ ಮೂಲದ ವಸ್ತು ಬೇಡವೆನ್ನುವವರು ಈ ಒಂದು ಸಂಗತಿಯನ್ನು ತಯಾರಕರಿಂದ ಖಚಿತಪಡಿಸಿಕೊಳ್ಳಬಹುದು.

ನಮ್ಮ ಚರ್ಮದ ಒಳಪದರದಲ್ಲಿ ಇದು ಸಹಜವಾಗಿಯೇ ಇದೆ ಎಂಬುದು ನಿಜ. ಆದರೆ ಹೊರಗಿನಿಂದ ಹಚ್ಚಿದ್ದು ಅಲ್ಲಿಗೆ ತಲುಪುತ್ತದೆ ಎಂದುಕೊಳ್ಳುವುದು ತಪ್ಪು. ಸುಮಾರು 500 ಡಾಲ್ಟನ್‌ಗಿಂತ (ಡಾಲ್ಟನ್ ಎಂದರೆ ಅಣುತೂಕದ ಅಳತೆ) ದೊಡ್ಡ ಅಣುಗಳು ಹೊರಪದರವನ್ನು ದಾಟುವುದು ಕಷ್ಟವೆಂಬುದು ಚರ್ಮವಿಜ್ಞಾನದಲ್ಲಿ ಒಪ್ಪಿತವಾದ ಸ್ಥೂಲ ನಿಯಮ. ದೊಡ್ಡ ಹಯಲುರೋನಿಕ್ ಅಣುವಿನ ತೂಕ ಹತ್ತು ಲಕ್ಷ ಡಾಲ್ಟನ್‌ಗೂ ಮೀರಿರುತ್ತದೆ. ಅದು ಮೇಲ್ಮೈಯಲ್ಲೇ ನೀರು ತುಂಬಿದ ತೆಳುವಾದ ಪೊರೆಯಾಗಿ ಕೂರುತ್ತದೆ. ಆ ಪೊರೆ ಮುಖಕ್ಕೆ ಕೊಡುವ ನುಣುಪು, ಸಣ್ಣ ಗೆರೆಗಳು ತುಂಬಿಕೊಂಡಂತೆ ತೋರುವ ಹೊಳಪು ಹಚ್ಚಿದ ನಿಮಿಷದಲ್ಲೇ ಕಾಣುತ್ತದೆ, ಈ ಮಟ್ಟಿಗೆ ಅದು ಒಳ್ಳೆಯದೇ. ಮುಖ ತೊಳೆದರೆ ಪೊರೆಯೂ ಹೋಗುತ್ತದೆ. ಹವಾನಿಯಂತ್ರಿತ ಕೋಣೆಯಲ್ಲಿ ಬರಿಯ ಸೀರಮ್ಮನ್ನು ಮಾತ್ರ ಹಚ್ಚಿ ಬಿಟ್ಟರೆ ಪೊರೆ ಒಣಗಿ ಬಿಗಿದಂತಾಗುತ್ತದೆ; ಎಷ್ಟೋ ಜನ ಇದನ್ನು ಹಚ್ಚಿದ ಮೇಲೆ ಮುಖ ಇನ್ನೂ ಒಣಗಿತು ಎನ್ನುವುದು ಇದಕ್ಕೇ. ಒದ್ದೆ ಮುಖದ ಮೇಲೆ ಹಚ್ಚಿ, ಅದರ ಮೇಲೆ ಕ್ರೀಮ್ ಬಳಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಸ್ಯಾಕರೈಡ್ ಐಸೊಮರೇಟಿನೊಂದಿಗೆ ಹೋಲಿಸಿದರೆ, ತಕ್ಷಣದ ಹೊಳಪಿಗೆ ಹಯಲುರೋನಿಕ್ ಆಮ್ಲ ಮುಂದೆ, ಮರುದಿನದ ತೇವಕ್ಕೆ ಸ್ಯಾಕರೈಡ್ ಐಸೊಮರೇಟ್ ಮುಂದೆ. ಸಮಾರಂಭದ ಮುಂಜಾನೆಗೆ ಒಂದು ಸೀರಮ್ ಬೇಕೆನ್ನುವವರ ಅಗತ್ಯ ಬೇರೆ, ಡಿಸೆಂಬರ್ ತಿಂಗಳಿಡೀ ಚರ್ಮ ಸೀಳದಿರಲಿ ಎನ್ನುವವರ ಅಗತ್ಯ ಬೇರೆ.

ಉಳಿದವು

ಸಾರ್ಬಿಟಾಲ್ ಗ್ಲುಕೋಸಿಗೆ ಹೈಡ್ರೋಜನ್ ಸೇರಿಸಿ ತಯಾರಿಸಿದ್ದು. ಅಗ್ಗ, ಸುರಕ್ಷಿತ, ಟೂತ್‌ಪೇಸ್ಟಿನಲ್ಲೂ ಇರುತ್ತದೆ, ಆದರೆ ಚರ್ಮದ ಮಟ್ಟಿಗೆ ಗ್ಲಿಸರಿನ್‌ಗೆ ಸಮನಲ್ಲ. ಟ್ರೆಹಲೋಸ್ ಎರಡು ಗ್ಲುಕೋಸ್ ಅಣುಗಳ ಜೋಡಿ. ಯೀಸ್ಟಿನಂಥ ಜೀವಿಗಳು ಒಣಗುವಾಗ ತಮ್ಮ ಕೋಶಗಳನ್ನು ಉಳಿಸಿಕೊಳ್ಳಲು ಇದನ್ನು ಕೂಡಿಟ್ಟುಕೊಳ್ಳುತ್ತವೆ. ಒಣಕಣ್ಣಿನ ಹನಿಗಳಲ್ಲಿ ಇದರ ಬಳಕೆಗೆ ಒಳ್ಳೆಯ ಆಧಾರವಿದೆ. ಕ್ರೀಮಿನಲ್ಲಿದ್ದರೆ ಬೇಡವೆನ್ನಬೇಕಿಲ್ಲ, ಇದಕ್ಕಾಗಿಯೇ ಹುಡುಕಿಕೊಂಡು ಹೋಗಬೇಕಾಗಿಯೂ ಇಲ್ಲ.

ಯೂರಿಯಾ ಮಾತ್ರ ಇಲ್ಲಿ ಪ್ರತ್ಯೇಕವಾಗಿ ನಿಲ್ಲಬೇಕಾದದ್ದು. ಶೇಕಡಾ 5ರಿಂದ 10ರ ಪ್ರಮಾಣದಲ್ಲಿ ಅದು ತೇವ ಹಿಡಿಯುತ್ತದೆ, ಶೇಕಡಾ 20 ದಾಟಿದರೆ ದಪ್ಪಗಟ್ಟಿದ ಚರ್ಮವನ್ನು ಮೆತ್ತಗೆ ಮಾಡಿ ಕಳಚುತ್ತದೆ. ಹಿಮ್ಮಡಿ ಒಡೆದವರಿಗೆ ಸ್ಯಾಕರೈಡ್ ಐಸೊಮರೇಟ್ ಆಗಲಿ, ಹಯಲುರೋನಿಕ್ ಆಮ್ಲವಾಗಲಿ ಸರಿಯಾದ ಆಯ್ಕೆಯಲ್ಲ. ಅವರು ಯೂರಿಯಾ ಕ್ರೀಮನ್ನೇ ಕೊಳ್ಳಬೇಕು. ಸೀಳು ರಕ್ತ ಬರುವಷ್ಟು ಆಳವಾಗಿದ್ದರೆ ಅದು ಉರಿಯುತ್ತದೆ, ಹಾಗಾಗಿ ಗಾಯ ಮಾಗುವವರೆಗೆ ಪೆಟ್ರೋಲಿಯಂ ಜೆಲ್ಲಿ ಮೇಲು. ಮಧುಮೇಹಿಗಳಲ್ಲಿ ಪಾದದ ನರಗಳು ದುರ್ಬಲವಾದಾಗ ಬೆವರು ಕಡಿಮೆಯಾಗಿ ಪಾದ ಒಣಗುತ್ತದೆ. ಅವರಿಗೂ ಯೂರಿಯಾ ಕ್ರೀಮ್ ಒಳ್ಳೆಯದು, ಆದರೆ ಬೆರಳುಗಳ ಸಂದಿಗೆ ಹಚ್ಚಬಾರದು, ಅಲ್ಲಿ ತೇವ ನಿಂತರೆ ಶಿಲೀಂಧ್ರದ ಸೋಂಕು ಹುಟ್ಟುತ್ತದೆ.

ಇನ್ನು ಕೊಬ್ಬರಿ ಎಣ್ಣೆ. ಅದನ್ನು ಈ ಸಾಲಿನಲ್ಲಿ ಸ್ಪರ್ಧಿಯಾಗಿ ನಿಲ್ಲಿಸುವುದು ಸರಿಯಲ್ಲ, ಏಕೆಂದರೆ ಅದರ ಕೆಲಸವೇ ಬೇರೆ. ಎಣ್ಣೆ ನೀರನ್ನು ತರುವುದಿಲ್ಲ, ಇರುವ ನೀರು ಆವಿಯಾಗದಂತೆ ಮುಚ್ಚುತ್ತದೆ. ಪೂರ್ತಿ ಒಣಗಿದ ಕಾಲಿಗೆ ಎಣ್ಣೆ ಸವರಿದರೆ ಹೊಳೆಯುತ್ತದೆ, ಒಳಗಿನ ಬಿಗಿತ ಮಾತ್ರ ಉಳಿದಿರುತ್ತದೆ. ಸ್ನಾನವಾದ ಮೂರು ನಾಲ್ಕು ನಿಮಿಷದೊಳಗೆ, ಟವೆಲಿನಿಂದ ಒತ್ತಿ ಒರೆಸಿದ ಮೈ ಇನ್ನೂ ತೇವವಾಗಿರುವಾಗ, ಮೊದಲು ಗ್ಲಿಸರಿನ್ ಅಥವಾ ಸ್ಯಾಕರೈಡ್ ಐಸೊಮರೇಟ್ ಇರುವ ಲೋಷನ್, ಅದರ ಮೇಲೆ ಕೆಲವು ಹನಿ ಎಣ್ಣೆ ಎಂಬ ಕ್ರಮ ಒಣಹವೆಯ ದಿನಗಳಿಗೆ ಬಹಳ ಚೆನ್ನಾಗಿ ಒಪ್ಪುತ್ತದೆ. ಮೊಡವೆ ಬರುವ ಮುಖಕ್ಕೆ ಮಾತ್ರ ಕೊಬ್ಬರಿ ಎಣ್ಣೆ ಬೇಡ.

ಡಬ್ಬಿಯ ಹಿಂಬದಿಯನ್ನು ಓದುವ ಬಗೆ

ಅಂಗಡಿಯಲ್ಲಿ ನಿಂತಾಗ ಅತ್ಯಂತ ಉಪಯೋಗಕ್ಕೆ ಬರುವ ಕೌಶಲ ಇದು, ಹಾಗಾಗಿ ಒಂದು ಮಾದರಿಯನ್ನು ತೆಗೆದುಕೊಂಡು ನೋಡೋಣ. ಪಟ್ಟಿ ಹೀಗಿದೆ ಎಂದಿಟ್ಟುಕೊಳ್ಳಿ: ಅಕ್ವಾ (ನೀರು), ಗ್ಲಿಸರಿನ್, ಸೀಟೈಲ್ ಆಲ್ಕೊಹಾಲ್, ನಯಾಸಿನಮೈಡ್, ಸ್ಯಾಕರೈಡ್ ಐಸೊಮರೇಟ್, ಫೀನಾಕ್ಸಿಎಥನಾಲ್, ಸಿಟ್ರಿಕ್ ಆ್ಯಸಿಡ್, ಸೋಡಿಯಂ ಸಿಟ್ರೇಟ್.

ಶೇಕಡಾ 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲೇ ಬರೆಯಬೇಕೆಂಬುದು ನಿಯಮ; ಅದಕ್ಕಿಂತ ಕಡಿಮೆ ಇರುವುದನ್ನು ಹೇಗೆ ಬೇಕಾದರೂ ಜೋಡಿಸಬಹುದು. ಆ ಶೇಕಡಾ 1ರ ಗೆರೆ ಎಲ್ಲಿದೆ ಎಂದು ಪಟ್ಟಿಯಲ್ಲಿ ಬರೆದಿರುವುದಿಲ್ಲ, ಆದರೆ ಗುರುತು ಹಿಡಿಯಲು ಒಂದು ದಾರಿಯಿದೆ. ಫೀನಾಕ್ಸಿಎಥನಾಲ್ ಎಂಬ ಸಂರಕ್ಷಕವನ್ನು ಯುರೋಪಿನ ನಿಯಮದಂತೆ ಶೇಕಡಾ 1ಕ್ಕಿಂತ ಹೆಚ್ಚು ಬಳಸುವಂತಿಲ್ಲ, ತಯಾರಕರು ಸಾಮಾನ್ಯವಾಗಿ ಈ ಮಿತಿಯನ್ನೇ ಪಾಲಿಸುತ್ತಾರೆ. ಸ್ಯಾಕರೈಡ್ ಐಸೊಮರೇಟ್ ಅದಕ್ಕಿಂತ ಬಹಳ ಹಿಂದೆ, ಸುಗಂಧ ಮತ್ತು ಬಣ್ಣಗಳ ಜೊತೆಯಲ್ಲಿ ಕೂತಿದ್ದರೆ ಅದರ ಪ್ರಮಾಣ ಶೇಕಡಾ 1ಕ್ಕಿಂತ ಕಡಿಮೆಯೆಂದೇ ತಿಳಿಯಬೇಕು. ಅಂಥ ಡಬ್ಬಿಯ ಮುಂಬದಿಯಲ್ಲಿ ಆ ಹೆಸರು ದಪ್ಪಕ್ಷರದಲ್ಲಿದ್ದರೂ ಅದಕ್ಕಾಗಿ ಹೆಚ್ಚಿನ ಹಣ ಕೊಡಬೇಡಿ.

ಪಟ್ಟಿಯ ಕೊನೆಯ ಎರಡು ಹೆಸರುಗಳನ್ನೂ ಗಮನಿಸಿ. ಸ್ಯಾಕರೈಡ್ ಐಸೊಮರೇಟ್ ಪುಡಿಯಾಗಿ ಅಲ್ಲ, ನೀರು, ಸಿಟ್ರಿಕ್ ಆ್ಯಸಿಡ್ ಮತ್ತು ಸೋಡಿಯಂ ಸಿಟ್ರೇಟ್ ಸೇರಿದ ಪಾಕದಂಥ ದ್ರಾವಣವಾಗಿ ಕಾರ್ಖಾನೆಗೆ ಬರುತ್ತದೆ. ಸ್ಥೂಲವಾಗಿ ಅದರ ಅರ್ಧದಷ್ಟು ನೀರೇ ಇರುತ್ತದೆ. ಆದ್ದರಿಂದ ‘ಶೇಕಡಾ 2 ಪೆಂಟಾವಿಟಿನ್’ ಎಂದು ಬರೆದಿದ್ದರೆ ಒಳಗಿರುವ ಸಕ್ಕರೆ ಸುಮಾರು ಶೇಕಡಾ 1 ಎಂದು ಲೆಕ್ಕ ಹಾಕಬಹುದು. ಇದು ಮೋಸವಲ್ಲ, ಆ ಉದ್ಯಮದ ರೂಢಿ. ಎರಡು ಉತ್ಪನ್ನಗಳನ್ನು ಹೋಲಿಸುವಾಗ ಮಾತ್ರ ಇದು ನೆನಪಿನಲ್ಲಿರಬೇಕು.

ಮೇಲಿನ ಮಾದರಿಯಲ್ಲಿ ಗ್ಲಿಸರಿನ್ ಎರಡನೆಯ ಜಾಗದಲ್ಲಿದೆ, ಸ್ಯಾಕರೈಡ್ ಐಸೊಮರೇಟ್ ಫೀನಾಕ್ಸಿಎಥನಾಲ್‌ಗಿಂತ ಮುಂದಿದೆ. ನಾನು ಆರಿಸುವುದು ಇಂಥದ್ದನ್ನೇ. ಒಂದು ಒಳಕ್ಕಿಳಿದು ಈಗಿನ ಒಣಗುವಿಕೆಯನ್ನು ನೀಗುತ್ತದೆ, ಇನ್ನೊಂದು ಕೆರಾಟಿನ್‌ಗೆ ಅಂಟಿ ನಾಳೆಗೂ ಉಳಿಯುತ್ತದೆ. ಗ್ಲಿಸರಿನ್ ಇಲ್ಲದೆ ಸ್ಯಾಕರೈಡ್ ಐಸೊಮರೇಟ್ ಒಂದನ್ನೇ ನೆಚ್ಚಿಕೊಂಡ ದುಬಾರಿ ಸೀರಮ್‌ಗಳು ನನಗೆ ಅಷ್ಟಾಗಿ ಒಪ್ಪಿಗೆಯಾಗುವುದಿಲ್ಲ.

ಫೇಸ್‌ವಾಶ್ ಮತ್ತು ಬಾಡಿವಾಶ್‌ಗಳಲ್ಲೂ ಇದನ್ನು ಸೇರಿಸುತ್ತಾರೆ. ತೊಳೆದರೂ ಉಳಿಯುವ ವಸ್ತುವಾದ್ದರಿಂದ ಅದಕ್ಕೊಂದು ತರ್ಕವಿದೆ, ತಯಾರಕರೂ ಹಾಗೆ ಹೇಳುತ್ತಾರೆ. ಆದರೂ ಅರ್ಧ ನಿಮಿಷ ಮುಖದ ಮೇಲಿದ್ದು ಚರಂಡಿಗೆ ಹೋಗುವ ನೊರೆಗಿಂತ, ಎಂಟು ಗಂಟೆ ಮೈಮೇಲಿರುವ ಲೋಷನ್‌ನಲ್ಲಿ ಅದೇ ವಸ್ತುವಿಗೆ ಹಣ ಹಾಕುವುದು ಮೇಲು.

ಯಾರಿಗೆ ಯಾವುದು

ದಿನಕ್ಕೆ ಹಲವು ಬಾರಿ ಕೈ ತೊಳೆಯಲೇಬೇಕಾದವರು ಈ ಹೋಲಿಕೆಯಲ್ಲಿ ನನ್ನ ಮನಸ್ಸಿನಲ್ಲಿ ಮೊದಲು ಬರುವವರು. ನರ್ಸುಗಳು, ಹೋಟೆಲಿನ ಅಡುಗೆಯವರು, ಪಾತ್ರೆ ತೊಳೆಯುವ ಕೆಲಸದ ಹೆಂಗಸರು, ಎಳೆಗೂಸಿರುವ ತಾಯಂದಿರು, ದಿನಕ್ಕೆ ಐದು ಹೊತ್ತು ನಮಾಜಿಗೆ ಮುನ್ನ ವುಜೂ ಮಾಡಿ ಕೈಮುಖ ತೊಳೆಯುವವರು ಇವರೆಲ್ಲರ ಕೈಯಲ್ಲಿ ಯಾವ ಕ್ರೀಮೂ ಒಂದೆರಡು ಗಂಟೆಗಿಂತ ಹೆಚ್ಚು ಉಳಿಯುವುದಿಲ್ಲ. ಸ್ಯಾಕರೈಡ್ ಐಸೊಮರೇಟಿನ ಬಂಧಗೊಳ್ಳುವ ಗುಣ ಇವರಿಗೆ ನಿಜವಾದ ಪ್ರಯೋಜನ ಕೊಡಬಲ್ಲದು. ರಾತ್ರಿ ಮಲಗುವ ಮುನ್ನ ಇದು ಮತ್ತು ಗ್ಲಿಸರಿನ್ ಎರಡೂ ಇರುವ ಲೋಷನ್ ಹಚ್ಚಿ, ಹಗಲಿನಲ್ಲಿ ಪ್ರತಿ ತೊಳೆತದ ನಂತರ ಸಾಧಾರಣ ಗ್ಲಿಸರಿನ್ ಕ್ರೀಮನ್ನು ಸ್ವಲ್ಪ ಸವರಿಕೊಂಡರೆ ಖರ್ಚೂ ಹದದಲ್ಲಿರುತ್ತದೆ. ದುಬಾರಿಯದನ್ನು ಹಗಲೆಲ್ಲ ಹಚ್ಚುವ ಅಗತ್ಯವಿಲ್ಲ.

ಕರಾವಳಿಯವರಿಗೆ, ಅದರಲ್ಲೂ ಎಣ್ಣೆಮುಖದವರಿಗೆ, ಇದು ಇನ್ನೊಂದು ಕಾರಣಕ್ಕೆ ಹಿಡಿಸುತ್ತದೆ: ಕಡಿಮೆ ಪ್ರಮಾಣದಲ್ಲಿ ಬಳಕೆಯಾಗುವುದರಿಂದ ಅಂಟು ಕಾಣುವುದಿಲ್ಲ, ಎಣ್ಣೆಯಿಲ್ಲದ ಜೆಲ್ ರೂಪದಲ್ಲೂ ಸಿಗುತ್ತದೆ. ಅಡಾಪಲೀನ್, ಬೆಂಜಾಯಿಲ್ ಪೆರಾಕ್ಸೈಡಿನಂಥ ಮೊಡವೆಯ ಔಷಧಗಳಿಂದ ಮುಖ ಸುಲಿಯುತ್ತಿರುವವರಿಗೂ ಅಂಥ ಜೆಲ್ ಹಿತ.

ಕಲಬುರಗಿ, ರಾಯಚೂರು, ವಿಜಯಪುರದ ಒಣ ಬಿಸಿಲಿನಲ್ಲಿ, ದುಬೈ ಅಥವಾ ದೋಹಾದ ಹವಾನಿಯಂತ್ರಿತ ಕೋಣೆಗಳಲ್ಲಿ, ಚಳಿಗಾಲದಲ್ಲಿ ಮನೆಯೊಳಗೆ ಹೀಟರ್ ಉರಿಯುವ ಅಮೆರಿಕದ ಊರುಗಳಲ್ಲಿ ಇರುವವರಿಗೆ ತೇವ ಹಿಡಿಯುವ ವಸ್ತು ಯಾವುದೇ ಇರಲಿ, ಅದೊಂದೇ ಸಾಲದು. ಗಾಳಿಯಲ್ಲೇ ತೇವವಿಲ್ಲದಾಗ ಮೇಲೆ ಮುಚ್ಚುವ ಪದರ ಬೇಕೇ ಬೇಕು. ಇಂಥ ಕಡೆ ಒಂದು ಸೀರಮ್ಮಿನ ಬೆಲೆಯಲ್ಲಿ ಸೆರಮೈಡ್ ಮತ್ತು ಗ್ಲಿಸರಿನ್ ಇರುವ ದಪ್ಪ ಕ್ರೀಮಿನ ದೊಡ್ಡ ಡಬ್ಬಿಯನ್ನು ಕೊಳ್ಳುವುದು ಜಾಣತನ.

ಅರವತ್ತು ದಾಟಿದವರ ಚರ್ಮದಲ್ಲಿ ಜಿಡ್ಡೂ ಕಡಿಮೆ, ಸಹಜ ತೇವಾಂಶದ ಅಣುಗಳೂ ಕಡಿಮೆ. ಅವರ ಕಾಲು, ಬೆನ್ನುಗಳಿಗೆ ಬೇಕಾಗುವ ಪ್ರಮಾಣ ದೊಡ್ಡದಾದ್ದರಿಂದ ಮೂವತ್ತು ಮಿಲಿಲೀಟರಿನ ಬಾಟಲಿಗಳು ಅವರಿಗೆ ತಕ್ಕವಲ್ಲ; ಮೈತುಂಬ ಧಾರಾಳವಾಗಿ ಹಚ್ಚಬಹುದಾದ ಗ್ಲಿಸರಿನ್ ಅಥವಾ ಯೂರಿಯಾ ಲೋಷನ್ನೇ ಸರಿ. ಕೈಕಾಲುಗಳ ಸಂದಿಯಲ್ಲಿ ಇಸುಬಿನಂತೆ ಕೆಂಪಾಗುವ ಮಕ್ಕಳಿಗೆ ಸುವಾಸನೆಯಿಲ್ಲದ ಸರಳ ಕ್ರೀಮನ್ನು ಬಿಟ್ಟು ಬೇರೆ ಪ್ರಯೋಗ ಬೇಡ, ವೈದ್ಯರಿಗೆ ತೋರಿಸಿ.

ಕೊಂಡ ಮೇಲೆ ಪರೀಕ್ಷೆ

ಸ್ಯಾಕರೈಡ್ ಐಸೊಮರೇಟ್ ತನ್ನ ಬೆಲೆಗೆ ತಕ್ಕ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಎರಡೂ ಮೊಣಕಾಲುಗಳ ಕೆಳಗಿನ ಭಾಗ ಒಳ್ಳೆಯ ಜಾಗ, ಏಕೆಂದರೆ ಅಲ್ಲಿ ಜಿಡ್ಡಿನ ಗ್ರಂಥಿಗಳು ಕಡಿಮೆ, ಚರ್ಮ ಬೇಗ ಒಣಗುತ್ತದೆ. ಮೊದಲು ಮೊಣಕೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ, ಎರಡು ದಿನ ಕೆಂಪಾಗದಿದ್ದರೆ ಮುಂದುವರಿಯಿರಿ. ಒಂದು ಕಾಲಿಗೆ ನಿಮ್ಮ ಹಳೆಯ ಗ್ಲಿಸರಿನ್ ಲೋಷನ್, ಇನ್ನೊಂದಕ್ಕೆ ಹೊಸದು, ದಿನಕ್ಕೊಮ್ಮೆ ಸ್ನಾನದ ನಂತರ ಹಚ್ಚುತ್ತಾ ಎರಡು ವಾರ ಕಳೆಯಿರಿ. ಹೊರಪದರ ಒಮ್ಮೆ ಬದಲಾಗಲು ಅಷ್ಟು ಕಾಲ ಬೇಕು. ಮುಖ್ಯವಾದ ಹೋಲಿಕೆ ಆಮೇಲಿನದು: ಹಚ್ಚುವುದನ್ನು ಎರಡೂ ಕಾಲಿಗೆ ನಿಲ್ಲಿಸಿ, ಎಂದಿನಂತೆ ಸ್ನಾನ ಮಾಡುತ್ತಾ, ಮೂರನೆಯ ದಿನ ಬೆಳಕಿಗೆ ಹಿಡಿದು ನೋಡಿ, ಉಗುರಿನಿಂದ ಹಗುರವಾಗಿ ಗೆರೆ ಎಳೆದು ನೋಡಿ. ಹೊಸದನ್ನು ಹಚ್ಚಿದ ಕಾಲಿನಲ್ಲಿ ಬಿಳಿಗೆರೆ ಕಡಿಮೆ ಮೂಡಿದರೆ ಆ ಉತ್ಪನ್ನ ನಿಮ್ಮ ಚರ್ಮಕ್ಕೆ ಕೆಲಸ ಮಾಡಿದೆ. ಎರಡೂ ಒಂದೇ ತೆರನಾಗಿದ್ದರೆ ಡಬ್ಬಿ ಮುಗಿದ ಮೇಲೆ ಮತ್ತೆ ಕೊಳ್ಳುವ ಅಗತ್ಯವಿಲ್ಲ.

ಎರಡೂ ಕಾಲುಗಳಲ್ಲಿ ಏನೂ ಸುಧಾರಿಸದೆ, ತುರಿಕೆ ರಾತ್ರಿ ನಿದ್ದೆ ಕೆಡಿಸುವಷ್ಟು ಮುಂದುವರಿದರೆ ಇನ್ನೊಂದು ಕ್ರೀಮನ್ನು ಹುಡುಕುವುದನ್ನು ಬಿಟ್ಟು ಚರ್ಮವೈದ್ಯರನ್ನು ಕಾಣಬೇಕು; ಥೈರಾಯ್ಡ್ ಗ್ರಂಥಿಯ ಮಾಂದ್ಯ, ಮೂತ್ರಪಿಂಡದ ತೊಂದರೆ, ಕಬ್ಬಿಣಾಂಶದ ಕೊರತೆ ಇವೂ ಚರ್ಮದ ಒಣಗುವಿಕೆಯಾಗಿ ಅಥವಾ ತುರಿಕೆಯಾಗಿಯೇ ಮೊದಲು ಕಾಣಿಸಿಕೊಳ್ಳಬಹುದು, ಅವುಗಳನ್ನು ಗುರುತಿಸಲು ಒಂದು ಸಾಮಾನ್ಯ ರಕ್ತಪರೀಕ್ಷೆ ನೆರವಾಗುತ್ತದೆ.